ಕೆಳಗಿನ ಮನೆಯ ನಲ್ಲಿ

ಬಿಳಿಮರಡಿ, ಸೊಕ್ಕೆ ಹೋಬಳಿ,
ಜಗಳೂರು ತಾಲ್ಲೂಕು
೧೨ ಫೆಬ್ರವರಿ ೨೦೨೪

ಸಂಶೋಧಕಿ ಸಂಧ್ಯಾರಾಣಿಯವರಿಗೆ,

ನಾನು ಬಿಳಿಮರಡಿಯ ಕೆಳಗಿನ ಮನೆ ಸಿದ್ದಲಿಂಗಮ್ಮ. ದಿವಂಗತ ಶಿವಮೂರ್ತಪ್ಪನವರ ಹೆಂಡತಿ. ತವರು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು. ಅಲ್ಲಿಯ ಹೈಸ್ಕೂಲಿನಲ್ಲಿ ೧೯೭೧ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಕಾಗದ ಓದಬಲ್ಲ ಹೆಂಗಸು ಇನ್ನೊಬ್ಬಳಿರಲಿಲ್ಲ. ಅರ್ಧ ಊರಿನ ಹೆಣ್ಣುಮಕ್ಕಳ ತವರಿಗೆ ಕಾಗದ ಬರೆದುಕೊಟ್ಟವಳು ನಾನು. ನಮ್ಮ ಜಗಲಿಯ ಮೇಲೆ ತೀರ್ಮಾನವಾದ ಮಾತನ್ನು ಊರು ಇನ್ನೊಂದು ಸಲ ಕೇಳುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಯಾರಿಗೆ ಉತ್ತರ ಬರೆಯುತ್ತಿದ್ದೀರಿ ಎಂದು ನಿಮಗೆ ಗೊತ್ತಿರಲಿ.

೧೯೯೯ರಲ್ಲಿ ನಮ್ಮವರು ಹಿತ್ತಲಲ್ಲಿ ಕೊಳವೆಬಾವಿ ಕೊರೆಸಿದರು. ಮುನ್ನೂರ ಹತ್ತು ಅಡಿಗೆ ನೀರು ಬಿತ್ತು. ಅದೇ ವಾರ ನಾನು ಕಾಂಪೌಂಡಿನ ಹೊರಗೋಡೆಗೆ ಒಂದು ನಲ್ಲಿ ಇಡಿಸಿದೆ. ಯಾವ ಕೇರಿಯವರಿಗೂ ಇಲ್ಲ ಎಂದಿಲ್ಲ. ಬಾಣಂತಿ ತವರಿನಿಂದ ಕೂಸನ್ನು ಕರೆತಂದರೆ ಈಗ ಊರಲ್ಲಿ ಗಂಗೆಪೂಜೆ ಆಗುವುದು ಆ ನಲ್ಲಿಯ ಬುಡದಲ್ಲೇ. ಪೂಜೆ ಮುಗಿದ ಮೇಲೆ ನಾನು ಆ ನೀರಲ್ಲಿ ಬೆರಳು ಅದ್ದಿ ಕೂಸಿನ ತುಟಿಗೆ ಮುಟ್ಟಿಸುತ್ತೇನೆ. ಬೇರೆ ಯಾರೂ ಮುಟ್ಟಿಸುವಂತಿಲ್ಲ. ಇಪ್ಪತ್ತೈದು ವರ್ಷದಿಂದ ಹೀಗೆ ನಡೆದಿದೆ.

ಈಗ ನನ್ನ ದೂರು. ಕಳೆದ ವಾರ ನಿಮ್ಮ ಪ್ರಸನ್ನಕುಮಾರ್ ಎಂಬುವವರು ಬಂದು ಆ ನಲ್ಲಿಗೆ ಒಂದು ತಗಡಿನ ಬಿಲ್ಲೆ ಕಟ್ಟಿದರು. “ಜ-೧೪” ಎಂದು ಬರೆದಿದೆ.

“ಇದೇನಪ್ಪ, ದನದ ಕಿವಿಗೆ ಹಾಕ್ದಂಗೆ ಹಾಕಿದೀಯಲ್ಲ?” ಎಂದು ಕೇಳಿದೆ.

“ನಂಬರ್ ಅಮ್ಮ. ಎಲ್ಲಾ ನೀರಿಗೂ ಒಂದೊಂದು ನಂಬರ್ ಐತೆ.”

“ನಮ್ಮ ನೀರಿಗೆ ಹೆಸರೈತೆ. ನಂಬರ್ ಬ್ಯಾಡ.”

ನಗುತ್ತಲೇ ಕಟ್ಟಿದರು. ಆಮೇಲೆ ಸಣ್ಣ ಗಾಜಿನ ಕೊಳವೆಯಲ್ಲಿ ನಮ್ಮ ನೀರು ಹಿಡಿದು ಗುಲಾಬಿ ಬಣ್ಣದ ಔಷಧದ ಹನಿ ಬಿಟ್ಟರು. ಬಣ್ಣ ತಿರುಗಿತು. ನಗು ನಿಂತಿತು. ಏನು ಎಂದು ಕೇಳಿದರೆ, “ಮೇಡಂ ಹೇಳ್ತಾರೆ” ಎಂದರು. ಶಾಲೆಯ ಮುಂದಿನ ಕೈಪಂಪಿಗೆ ಕುಡಿಯಬಾರದೆಂದು ಆಗಲೇ ಕೆಂಪು ಬಣ್ಣ ಬಳಿದಾಗಿದೆ.

ನಮ್ಮ ನೀರಿನಲ್ಲಿ ತೊಗರಿಬೇಳೆ ಎರಡೇ ಕುದಿಗೆ ಬೆಣ್ಣೆಯಂತೆ ಬೇಯುತ್ತದೆ. ಅದಕ್ಕಿಂತ ಬೇರೆ ಪರೀಕ್ಷೆ ಬೇಕೆ? ಏನು ಅನುಮಾನವೋ ಬರೆದು ತಿಳಿಸಿ. ಫೋನು ಬೇಡ. ಫೋನಿನ ಮಾತನ್ನು ಆಮೇಲೆ ಯಾರು ಬೇಕಾದರೂ ತಿರುಚುತ್ತಾರೆ.

ಇಂತಿ,
ಸಿದ್ದಲಿಂಗಮ್ಮ

---

ಅಂತರ್ಜಲ ಸಮೀಕ್ಷೆ ತಂಡ,
ಮೊಕ್ಕಾಂ ಹೊನ್ನಾಳಿ
೨೬ ಫೆಬ್ರವರಿ ೨೦೨೪

ಮಾನ್ಯ ಸಿದ್ದಲಿಂಗಮ್ಮನವರಿಗೆ,

ಕೇಳದೆ ಬಿಲ್ಲೆ ಕಟ್ಟಿದ್ದು ತಪ್ಪು. ಕ್ಷಮಿಸಿ. ನಾವು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನ ಕುಡಿಯುವ ನೀರನ್ನು ಪರೀಕ್ಷಿಸುತ್ತಿದ್ದೇವೆ. ಹೊನ್ನಾಳಿ, ನ್ಯಾಮತಿ ಕಡೆ ಹೊಳೆ ಇದೆ. ನಿಮ್ಮ ಕಡೆ ನೀರು ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ನಿಂತಷ್ಟೂ ಕಲ್ಲಿನಿಂದ ಫ್ಲೋರೈಡ್ ಎಂಬ ಅಂಶ ಅದಕ್ಕೆ ಇಳಿಯುತ್ತದೆ. ಅದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ. ಕಾಯಿಸಿದರೆ ಹೋಗುವುದಿಲ್ಲ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ.

ಬೇಳೆಯ ವಿಷಯ ಬರೆದಿದ್ದೀರಿ. ಹೇಗೆ ಹೇಳಲಿ ಎಂದು ಎರಡು ದಿನ ಯೋಚಿಸಿದೆ. ಬೇಳೆ ಬೇಗ ಬೇಯುವ ನೀರಿನಲ್ಲಿ ಸುಣ್ಣದಂಶ ಕಡಿಮೆ. ಸುಣ್ಣ ಕಡಿಮೆ ಇದ್ದ ಕಡೆಯೇ ಫ್ಲೋರೈಡ್ ಹೆಚ್ಚು ಕರಗಿ ಉಳಿಯುತ್ತದೆ. ನಿಮಗೆ ಧೈರ್ಯ ಕೊಟ್ಟ ಸಂಗತಿಯೇ ನನಗೆ ಅನುಮಾನ ಹುಟ್ಟಿಸಿದೆ.

ಪ್ರಸನ್ನಕುಮಾರ್ ಕಂಡ ಬಣ್ಣ ಅಂದಾಜಿನ ಪರೀಕ್ಷೆ ಮಾತ್ರ. ಖಚಿತವಾಗಲು ಪ್ರಯೋಗಾಲಯಕ್ಕೆ ನೀರು ಬೇಕು. ಊರಿನ ಆರೂ ನೀರಿನ ಮೂಲಗಳಿಗೆ ಆರು ಬಾಟಲಿ ಬಿಟ್ಟಿದ್ದೇವೆ. ತಪ್ಪಿಲ್ಲದೆ ತುಂಬಿ ಚೀಟಿ ಬರೆಯಬಲ್ಲವರು ಯಾರು ಎಂದು ಕೇಳಿದರೆ ಊರವರು ನಿಮ್ಮ ಹೆಸರನ್ನೇ ಹೇಳಿದರು. ಮೋಟಾರು ಐದು ನಿಮಿಷ ಬಿಟ್ಟು, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ಕಂಠದವರೆಗೆ ತುಂಬಿಸಿ. ನಿಮ್ಮ ಕೈಯಿಂದ ಬಂದ ಬಾಟಲಿಯನ್ನು ನಾನು ನಂಬುತ್ತೇನೆ.

ಗೌರವಪೂರ್ವಕ,
ಸಂಧ್ಯಾರಾಣಿ

---

ಬಿಳಿಮರಡಿ
೧೮ ಮಾರ್ಚ್ ೨೦೨೪

ಸಂಧ್ಯಾರಾಣಿಯವರಿಗೆ,

ಆರೂ ಬಾಟಲಿ ಓಂಕಾರಪ್ಪನ ಕೈಯಲ್ಲಿ ಕಳಿಸಿದ್ದೇನೆ. ಇವನು ನಮ್ಮೂರಿನ ಮೋಟಾರು ರಿಪೇರಿಯವನು, ಸಾಮಾನಿಗೆಂದು ವಾರಕ್ಕೊಮ್ಮೆ ಪೇಟೆಗೆ ಹೋಗುತ್ತಾನೆ. ಜ-೧೪ರ ಬಾಟಲಿಯನ್ನು ಬೆಳಗ್ಗೆ ಏಳೂವರೆಗೆ ತುಂಬಿದೆ. ಮೋಟಾರು ಐದು ನಿಮಿಷ ಅಲ್ಲ, ಎಂಟು ನಿಮಿಷ ಬಿಟ್ಟೆ. ಮೂರು ಸಲ ತೊಳೆದೆ. ಮುಚ್ಚಳದ ಕೆಳಗೆ ಗುಳ್ಳೆ ಇರದಂತೆ ನೋಡಿದೆ. ಚೀಟಿಯ ಮೇಲಿನ ಅಕ್ಷರ ನನ್ನವೇ.

ಉಳಿದ ವಿಷಯ ಏನೂ ಇಲ್ಲ.

ಸಿದ್ದಲಿಂಗಮ್ಮ

---

ಹೊನ್ನಾಳಿ
೨೦ ಏಪ್ರಿಲ್ ೨೦೨೪

ಮಾನ್ಯ ಸಿದ್ದಲಿಂಗಮ್ಮನವರಿಗೆ,

ನನ್ನ ಅನುಮಾನ ಸುಳ್ಳಾಯಿತು. ಇಷ್ಟು ಸಂತೋಷದಿಂದ ನಾನು ಯಾವತ್ತೂ ಸೋತಿಲ್ಲ. ಉಳಿದ ಐದು ಮೂಲಗಳಲ್ಲಿ ಎರಡೂವರೆಯಿಂದ ನಾಲ್ಕರವರೆಗೆ ಬಂದಿದೆ. ನಿಮ್ಮದರಲ್ಲಿ ಬರೀ ಶೂನ್ಯ ದಶಾಂಶ ಎರಡು. ಕೈಪಂಪಿನ ಹಾಗೆ ಉಳಿದ ನಾಲ್ಕಕ್ಕೂ ಕೆಂಪು, ನಿಮ್ಮ ನಲ್ಲಿಗೆ ನೀಲಿ ಬಣ್ಣ ಬಳಿಯಲು ಪ್ರಸನ್ನಕುಮಾರ್ ಬರುತ್ತಾರೆ. ಊರವರೆಲ್ಲ ಇನ್ನು ನಿಮ್ಮ ನಲ್ಲಿಯ ನೀರನ್ನೇ ಕುಡಿಯಲಿ. ಅಕ್ಕಪಕ್ಕದ ಎರಡು ಹಟ್ಟಿಗಳಿಗೂ ಇದನ್ನೇ ಹೇಳುತ್ತೇವೆ. ನಿಮಗೆ ತೊಂದರೆ ಆಗದು ಎಂದುಕೊಂಡಿದ್ದೇನೆ.

ವಿಶ್ವಾಸದಿಂದ,
ಸಂಧ್ಯಾರಾಣಿ

---

ಬಿಳಿಮರಡಿ
೯ ಜೂನ್ ೨೦೨೪

ಸಂಧ್ಯಾರಾಣಿಯವರಿಗೆ,

ನೀಲಿ ಬಣ್ಣ ಬಳಿದು ಹೋಗಿದ್ದಾರೆ. ಈಗ ಹೊತ್ತು ಮೂಡುವ ಮೊದಲೇ ನಲ್ಲಿಯ ಮುಂದೆ ಕೊಡಗಳ ಸದ್ದು. ಎರಡೂ ಹಟ್ಟಿಯವರು ಸೈಕಲ್ಲಿನಲ್ಲಿ, ಟಿವಿಎಸ್‌ನಲ್ಲಿ ಕ್ಯಾನು ಕಟ್ಟಿಕೊಂಡು ಬರುತ್ತಾರೆ. ಹೋಗುವಾಗ ನಮ್ಮ ಬಾಗಿಲ ಕಡೆ ತಿರುಗಿ ಕೈಮುಗಿಯುತ್ತಾರೆ. ನಾನು ಒಳಗೇ ಇರುತ್ತೇನೆ.

ಪಕ್ಕದ ಮನೆಯ ಕೊಲ್ಲಾಪುರಮ್ಮ ಬೇಲಿಯ ಆಚೆಯಿಂದಲೇ ಕೂಗಿದಳು. “ಸಿದ್ದಕ್ಕಾ, ನಿನ್ನ ನಲ್ಲಿಗೆ ಸರ್ಟಿಫಿಕೇಟ್ ಬಂತು. ಮೊದ್ಲೇ ನಿನ್ನ ಮಾತಾಡ್ಸಾಕೆ ಆಗ್ತಿರ್ಲಿಲ್ಲ, ಇನ್ ಹೆಂಗೆ!”

ಕಳೆದ ಸೋಮವಾರ ಪ್ರಸನ್ನಕುಮಾರ್ ಶಾಲೆಯಲ್ಲಿ ದೊಡ್ಡವರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿದರು. ಗದ್ದವನ್ನು ಎದೆಗೆ ಮುಟ್ಟಿಸಬೇಕು. ಎರಡೂ ಕೈಯನ್ನು ತಲೆಯ ಹಿಂದೆ ಕಟ್ಟಬೇಕು. ಮೊಣಕಾಲು ಮಡಿಸದೆ ನೆಲದ ಮೇಲಿನ ನಾಣ್ಯ ಎತ್ತಬೇಕು. ಕೊಲ್ಲಾಪುರಮ್ಮನಿಗೆ ಮೂರೂ ಆಗಲಿಲ್ಲ.

“ಗದ್ದ ಎದೀಗೆ ಮುಟ್ಸಮ್ಮ.”

“ಮುಟ್ಟಂಗಿದ್ರೆ ಮುಟ್ಟಸ್ತಿದ್ದೆ ಕಣಪ್ಪ. ಆ ನಾಣ್ಯ ನೀನೇ ಇಟ್ಕೊ, ನಿನ್ ಮದ್ವಿ ಖರ್ಚಿಗೆ ಆಗ್ತತೆ.”

ಎಲ್ಲರೂ ನಕ್ಕರು. ಇಷ್ಟು ವರ್ಷ ಯಾವ ನೀರು ಕುಡಿದೆ ಎಂದು ಕೇಳಿದ್ದಕ್ಕೆ, “ಸಣ್ಣಾಕಿದ್ದಾಗ ಹಳೇ ಬಾವೀದು, ಆಮ್ಯಾಲೆ ಸಿದ್ದಕ್ಕನ ನಲ್ಲೀದು” ಎಂದಳು. ಅವರು “ಹಳೆಯ ಬಾವಿ” ಎಂದಷ್ಟೇ ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ.

“ಅಮ್ಮ, ನೀವೂ ಒಂದ್ಸಲ ಮಾಡ್ರಿ” ಎಂದರು. ನನಗೆ ಕೆಲಸ ಇದೆ ಎಂದು ಬಂದುಬಿಟ್ಟೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಗದ್ದಕ್ಕೂ ಎದೆಗೂ ನಡುವೆ ನನ್ನ ನಾಲ್ಕು ಬೆರಳು ಹಿಡಿಸಿದವು. ಕಳೆದ ವರ್ಷ ಸ್ವಾಮಿಗಳು ಬಂದಾಗ ನಾನು ಸರಿಯಾಗಿ ಬಾಗಲಿಲ್ಲ ಎಂದು ನಮ್ಮ ಸಂಬಂಧಿಕರು ಆಡಿಕೊಂಡಿದ್ದರು. ಸೊಕ್ಕು ಎಂದಿದ್ದರು. ಸೊಕ್ಕು ಎಂದುಕೊಂಡರೆ ಅಂದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಇದು ವಯಸ್ಸಿಗೂ ಆಗುತ್ತದೆ ಅಲ್ಲವೆ? ಅರವತ್ತೊಂಬತ್ತು ನಡೆಯುತ್ತಿದೆ ನನಗೆ.

ಸಿದ್ದಲಿಂಗಮ್ಮ

---

ಹೊನ್ನಾಳಿ
೨೨ ಜುಲೈ ೨೦೨೪

ಸಿದ್ದಲಿಂಗಮ್ಮನವರಿಗೆ,

ವಯಸ್ಸಿಗೂ ಆಗುತ್ತದೆ. ಆದರೆ ಪ್ರಸನ್ನಕುಮಾರ್ ಪಟ್ಟಿಯಲ್ಲಿರುವಂತೆ ಒಂದೇ ಓಣಿಯ ಒಂಬತ್ತು ಜನರಿಗೆ ಒಟ್ಟಿಗೆ ಆಗುವುದಿಲ್ಲ.

ಒಂದು ವಿಷಯ ಬರೆಯಬೇಕಾಗಿದೆ. ಮೊದಲು ನೋಡಿದ್ದು ಫ್ಲೋರೈಡ್ ಒಂದನ್ನೇ. ಈಗ ಎಲ್ಲ ಬಾಟಲಿಗಳ ಪೂರ್ಣ ಪರೀಕ್ಷೆ ಮುಗಿದಿದೆ. ಮುನ್ನೂರು ಅಡಿ ಕಲ್ಲಿನ ಕೆಳಗಿನ ನೀರಿನಲ್ಲಿ ಉಪ್ಪು, ಸೋಡದಂಥ ಹತ್ತಾರು ಅಂಶ ಇದ್ದೇ ಇರುತ್ತವೆ. ಜ-೧೪ರ ಬಾಟಲಿಯಲ್ಲಿ ಅವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ನೀರು ಕಲ್ಲನ್ನೇ ಮುಟ್ಟಿಲ್ಲ ಎನ್ನುತ್ತಿದೆ ಯಂತ್ರ. ಬಾಟಲಿ ತೊಳೆಯುವಾಗಲೋ ಚೀಟಿ ಅಂಟಿಸುವಾಗಲೋ ಅದಲುಬದಲು ಆಗಿರಬಹುದು. ನಮ್ಮ ಪ್ರಯೋಗಾಲಯದಲ್ಲೇ ತಪ್ಪಾಗಿರಲೂಬಹುದು.

ಹೊಸ ಬಾಟಲಿ ಕಳಿಸುತ್ತಿದ್ದೇನೆ. ಇನ್ನೊಮ್ಮೆ ತುಂಬಿಸಿ ಕೊಡಿ. ಅವಸರಕ್ಕೆ ಕಾರಣವಿದೆ. ಡಿಸೆಂಬರ್ ಕೊನೆಗೆ ನಮ್ಮ ಪಟ್ಟಿ ಮೇಲಕ್ಕೆ ಹೋಗುತ್ತದೆ. ಹೊಳೆ ನೀರಿನ ಪೈಪು ಮೊದಲು ಯಾವ ಊರಿಗೆ ಎಂದು ಅದನ್ನು ನೋಡಿ ತೀರ್ಮಾನಿಸುತ್ತಾರೆ. ನೀಲಿ ನಲ್ಲಿ ಇರುವ ಊರು ಪಟ್ಟಿಯ ಕೊನೆಯಲ್ಲಿರುತ್ತದೆ. ಈಗ ಬಿಳಿಮರಡಿ ಕೊನೆಯಲ್ಲಿದೆ.

ಪ್ರಸನ್ನಕುಮಾರ್ ತಾವೇ ಹೋಗಿ ತರುತ್ತೇನೆ ಎಂದರು. ನಾನು ಬೇಡವೆಂದೆ. ಇನ್ನು ಸ್ವಲ್ಪ ದಿನ ಕಾಯುತ್ತೇನೆ.

ಸಂಧ್ಯಾರಾಣಿ

---

ಬಿಳಿಮರಡಿ
೪ ಸೆಪ್ಟೆಂಬರ್ ೨೦೨೪

ಸಂಧ್ಯಾರಾಣಿಯವರಿಗೆ,

ಬಾಟಲಿ ತಲುಪಿದೆ. ದೇವರ ಗೂಡಿನ ಪಕ್ಕ ಇಟ್ಟಿದ್ದೇನೆ. ಇನ್ನೂ ತುಂಬಿಲ್ಲ. ಮಳೆ, ಬಿತ್ತನೆ, ಮನೆಯ ತಾಪತ್ರಯ.

ನನ್ನ ಮಗ ರುದ್ರಮುನಿಗೆ ಜುಲೈನಲ್ಲಿ ಎರಡನೆಯ ಹೆಣ್ಣು ಕೂಸು ಹುಟ್ಟಿತು. ಸೊಸೆ ಅನಿತಾ ಹೊನ್ನಾಳಿ ಕಡೆಯ ತವರಿನಲ್ಲಿದ್ದಾಳೆ. ಐದನೇ ತಿಂಗಳಿಗೆ ಬರುತ್ತಾಳೆ. ಬಂದ ಮೇಲೆ ನಮ್ಮ ನಲ್ಲಿಯ ಬುಡದಲ್ಲಿ ಗಂಗೆಪೂಜೆ.

ಕೆಲವು ಪ್ರಶ್ನೆ ಕೇಳುತ್ತೇನೆ. ಬೇರೆಯವರ ಮನೆಯ ವಿಷಯ. ಒಂದು ಏಳು ವರ್ಷದ ಹುಡುಗಿ. ಹಾಲುಹಲ್ಲು ಮುತ್ತಿನಂತಿದ್ದವು. ಅವು ಬಿದ್ದು ಮುಂದಿನ ಎರಡು ಹೊಸ ಹಲ್ಲು ಬಂದಿವೆ. ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಅಡ್ಡ ಗೆರೆ ಎಳೆದ ಹಾಗೆ ಇದೆ. ಬೆರಳಿನಿಂದ ಉಜ್ಜಿದರೂ ಹೋಗುವುದಿಲ್ಲ. ಉಪ್ಪು, ಇದ್ದಿಲು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಇದು ಸುಣ್ಣದಂಶ ಸಾಲದ್ದಕ್ಕೆ ಬಂದದ್ದೆ? ಮುಂದೆ ಬರುವ ಹಲ್ಲುಗಳೂ ಹೀಗೇ ಇರುತ್ತವೆಯೆ? ಕೂಸಿಗೆ ತಾಯಿಯ ಹಾಲಿನಲ್ಲಿ ಇದು ಇಳಿಯುತ್ತದೆಯೆ?

ಮೊದಲು ನಮ್ಮ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ಅವು ನಗುತ್ತವೆ, ಬಾಯಿ ತೆರೆಯುತ್ತವೆ. ನನ್ನ ಕಣ್ಣು ಬೇರೆಲ್ಲೂ ಹೋಗುವುದಿಲ್ಲ. ನನ್ನ ಬೆರಳು ತುಟಿ ಮುಟ್ಟಿದ ಮಕ್ಕಳು ಎಷ್ಟಿರಬಹುದು ಎಂದು ಒಂದು ಮಧ್ಯಾಹ್ನ ಲೆಕ್ಕ ಹಾಕುತ್ತಾ ಕೂತೆ. ಮೇಲಿನ ಓಣಿ ಮುಗಿಯುವಷ್ಟರಲ್ಲಿ ಅರವತ್ತು ದಾಟಿತು. ಎದ್ದುಬಿಟ್ಟೆ.

ಅನಿತಾಳ ತಂದೆ ಚಿತ್ತಪ್ಪನವರಿಗೆ ಒಂದು ಕಾಗದ ಬರೆದಿದ್ದೆ. ತಾಯಿ ಮಗು ಇನ್ನೂ ಒಂದು ವರ್ಷ ಅಲ್ಲೇ ಇರಲಿ ಎಂದೆ. ಕಾರಣ ಬರೆಯಲಿಲ್ಲ. ಅವರೇ ಒಂದು ಕಾರಣ ಹುಡುಕಿಕೊಂಡಿದ್ದಾರೆ. ಮೊನ್ನೆ ಊಟಕ್ಕೆ ಕೂತ ರುದ್ರಮುನಿ ತಟ್ಟೆ ಸರಿಸಿ ಕೇಳಿದ, “ಅವ್ವಾ, ಎರಡನೇದೂ ಹೆಣ್ಣಾತು ಅಂತ ಬ್ಯಾಡಾತೇನು ನಿಂಗೆ?”

“ಯಾರೋ ಹಂಗಂದೋರು?”

“ಅಂದೋರು ಯಾರಾದ್ರೂ ಆಗ್ಲಿ. ಮತ್ತೇನಂತ ತಿಳ್ಕಬೇಕು? ಮೊಮ್ಮಗಳ ಮುಖ ನೋಡಾಕೂ ಹೋಗ್ಲಿಲ್ಲ ನೀನು.”

ಐವತ್ತು ವರ್ಷ ಈ ಊರಿನ ಹೆಣ್ಣುಮಕ್ಕಳ ಪರವಾಗಿ ಕಾಗದ ಬರೆದವಳು ನಾನು. ಅವನು ಸರಿಸಿದ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಕೊಡುವ ಉತ್ತರ ಒಂದೇ ಇತ್ತು.

ಪ್ರಶ್ನೆಗಳಿಗೆ ಬೇಗ ಉತ್ತರ ಬರೆಯಿರಿ.

ಸಿದ್ದಲಿಂಗಮ್ಮ

---

ನ್ಯಾಮತಿ
೩ ಅಕ್ಟೋಬರ್ ೨೦೨೪

ಅಮ್ಮನವರಿಗೆ,

ಕೆಲಸ ಹೊನ್ನಾಳಿಯಿಂದ ನ್ಯಾಮತಿಗೆ ಬದಲಾಗಿ ನಿಮ್ಮ ಕಾಗದ ತಡವಾಗಿ ಸಿಕ್ಕಿತು.

ಆ ಹುಡುಗಿಯ ಹಲ್ಲು ಸುಣ್ಣದಂಶದ ಕೊರತೆಯಿಂದ ಹಾಗಾದದ್ದಲ್ಲ. ಹಲ್ಲು ಒಸಡಿನ ಒಳಗೆ ಬೆಳೆಯುತ್ತಿದ್ದ ವರ್ಷಗಳಲ್ಲಿ ಕುಡಿದ ನೀರಿನ ಗುರುತು ಅದು. ಬಂದ ಗೆರೆ ಅಳಿಸುವುದಿಲ್ಲ. ಉಜ್ಜಬೇಡಿ, ಮಗುವಿಗೆ ನೋವಾಗುತ್ತದೆ. ಈಗಲೇ ನೀರು ಬದಲಾದರೆ ಇನ್ನು ಬರುವ ಹಲ್ಲುಗಳು ಇಷ್ಟು ಹಾಳಾಗಲಾರವು.

ತಾಯಿಯ ಹಾಲಿನಲ್ಲಿ ಇದು ಬಹಳ ಕಡಿಮೆ. ಎದೆಹಾಲು ಕುಡಿಯುವವರೆಗೆ ಕೂಸಿಗೆ ಭಯವಿಲ್ಲ. ಆರನೇ ತಿಂಗಳಿಗೆ ರಾಗಿ ಸರಿ ಶುರುವಾಗುತ್ತದಲ್ಲ, ಅದನ್ನು ಕಲಸುವ ನೀರಿನಿಂದ ಲೆಕ್ಕ ಶುರು.

ಅದು ಬೇರೆಯವರ ಮನೆ ಎಂದು ಬರೆದಿದ್ದೀರಿ. ಹಾಗೇ ಇರಲಿ. ಆ ಮನೆಯವರಿಗೆ ಹೇಳಿ, ತಪ್ಪು ಯಾರದು ಎಂದು ನಾನು ಕೇಳುತ್ತಿಲ್ಲ. ಕಲ್ಲಿನಲ್ಲಿದ್ದದ್ದು ನೀರಿಗೆ ಬಂದಿದೆ. ಕೊಳವೆಬಾವಿ ಕೊರೆಸಿದವರಿಗೆ ಅದು ತಿಳಿಯುವ ದಾರಿ ಇರಲಿಲ್ಲ.

ಆದರೆ ಈಗ ತಿಳಿದಿದೆ.

ಸಂಧ್ಯಾರಾಣಿ

---

ಬಿಳಿಮರಡಿ
೧೧ ನವೆಂಬರ್ ೨೦೨೪

ಸಂಧ್ಯಾರಾಣಿಯವರಿಗೆ,

ಒಂದೇ ಪ್ರಶ್ನೆ. ದೊಡ್ಡವರು ಆ ನೀರು ಬಿಟ್ಟರೆ ಬಿಗಿದ ಕೀಲು ಸಡಿಲವಾಗುತ್ತದೆಯೆ? ಕೊಲ್ಲಾಪುರಮ್ಮ ಈಗ ಕೊಡ ಎತ್ತಲಾರಳು. ನಲ್ಲಿಯಿಂದ ಚೊಂಬಿನಲ್ಲಿ ಹತ್ತು ಸಲ ತಿರುಗಿ ಒಯ್ಯುತ್ತಾಳೆ. ನೀಲಿ ನಲ್ಲಿಯ ನೀರು ಹೆಚ್ಚು ಕುಡಿದರೆ ಮೊಣಕಾಲು ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದಾರೆ. ದಿನಕ್ಕೆ ಎರಡು ಚೊಂಬು ಹೆಚ್ಚಾಗಿ ಕುಡಿಯುತ್ತಿದ್ದಾಳೆ.

ಇದಕ್ಕೆ ಉತ್ತರ ಬರೆಯಬೇಡಿ.

ಸಿದ್ದಲಿಂಗಮ್ಮ

---

ಬಿಳಿಮರಡಿ
೪ ಡಿಸೆಂಬರ್ ೨೦೨೪

ಸಂಧ್ಯಾರಾಣಿ,

ಇನ್ನು ಬಹುವಚನ ಬೇಡ. ನಿನ್ನ ವಯಸ್ಸಿನ ಮಗಳು ನನಗಿಲ್ಲ. ಇದ್ದಿದ್ದರೆ ಅವಳಿಗೆ ಇದನ್ನು ಹೇಳುತ್ತಿದ್ದೆನೋ ಇಲ್ಲವೋ ತಿಳಿಯದು.

ಮಾರ್ಚ್ ಹದಿನೆಂಟರಂದು ಮೋಟಾರು ಎಂಟು ನಿಮಿಷ ಬಿಟ್ಟದ್ದು ನಿಜ. ಬಾಟಲಿಯನ್ನು ಆ ನೀರಿನಲ್ಲಿ ಮೂರು ಸಲ ತೊಳೆದದ್ದೂ ನಿಜ. ಆಮೇಲೆ ಒಳಗೆ ಹೋದೆ. ನಮ್ಮವರು ಲಿಂಗಪೂಜೆಗೆಂದು ಮಾಳಿಗೆಯ ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿಸಿದ್ದರು. ಅದಕ್ಕೆ ಬೀಗ ಇದೆ, ಕೀಲಿ ನನ್ನ ಸೊಂಟದಲ್ಲಿರುತ್ತದೆ. ತೊಟ್ಟಿಯ ತಳದಲ್ಲಿ ಉಳಿದಿದ್ದ ನೀರನ್ನು ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿದೆ. ಮನೆಗೆ ಬಂದವರು ನೀರು ಕೇಳಿದರೆ ಇರುವುದರಲ್ಲಿ ಒಳ್ಳೆಯದನ್ನೇ ಕೊಡುವುದು ನಮ್ಮ ಪದ್ಧತಿ, ಹಾಗೆ ಕೊಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಲ್ಲಿಗೆ ಕೆಂಪು ಬಳಿದರೆ ಆ ಗೋಡೆಯ ಮುಂದೆ ನಾನು ಹೇಗೆ ಓಡಾಡಲಿ ಎಂಬ ಒಂದೇ ಯೋಚನೆ ಇತ್ತು. ಅದರಿಂದ ಊರೆಲ್ಲ ನನ್ನ ನಲ್ಲಿಗೇ ಬಂದು ನಿಲ್ಲುತ್ತದೆ ಎಂದು ತಲೆಗೆ ಹೊಳೆಯಲಿಲ್ಲ. ಹೊಳೆದ ಮೇಲೂ ಏಳು ತಿಂಗಳು ಸುಮ್ಮನಿದ್ದೆ. ಸೀಮೆಸುಣ್ಣದ ಗೆರೆಯ ಹುಡುಗಿ ನನ್ನ ದೊಡ್ಡ ಮೊಮ್ಮಗಳು ಕಲ್ಪನಾ. ನಗುವಾಗ ಬಾಯಿ ಮುಚ್ಚಿಕೋ ಎಂದು ಅವಳಿಗೆ ಕಲಿಸಿದವಳೂ ನಾನೇ.

ಅನಿತಾಳನ್ನು ಇನ್ನು ಇಟ್ಟುಕೊಳ್ಳುವುದಿಲ್ಲ, ಕರೆತಂದು ಬಿಟ್ಟುಹೋಗುತ್ತೇವೆ ಎಂದು ಚಿತ್ತಪ್ಪನವರು ಹೇಳಿಕಳಿಸಿದರು. ಬರುವಾಗ ನಿಮ್ಮ ಕಡೆಯ ಹೊಳೆನೀರು ಎರಡು ಕ್ಯಾನು ತನ್ನಿ ಎಂದು ನಾನು ಹೇಳಿಕಳಿಸಿದೆ. ಮೊನ್ನೆ ಸೋಮವಾರ ಪೂಜೆ ಇಟ್ಟುಕೊಂಡೆವು. ನಲ್ಲಿಯ ಸುತ್ತ ಹೆಂಗಸರೆಲ್ಲ ಸೇರಿದ್ದರು. ಅರಿಸಿನ ಕುಂಕುಮ ಹಚ್ಚಿ ಹೂವು ಏರಿಸಿ ಆಗಿತ್ತು. ಚಿತ್ತಪ್ಪನವರು ಕ್ಯಾನುಗಳನ್ನು ಎಲ್ಲರ ಮುಂದೆ ದಪ್ಪೆಂದು ಇಟ್ಟರು.

“ನೋಡ್ರವ್ವಾ, ಎಲ್ರೂ ನೋಡ್ರಿ. ಕೆಳಗಿನ ಮನೀಗೆ ನಾವು ನೀರು ಹೊತ್ಕೊಂಡು ಬಂದೀವಿ. ಊರಿಗೆಲ್ಲ ನೀರು ಕೊಡೋರು ನನ್ನ ಮಗಳಿಗೆ ಮಾತ್ರ ಕೊಡಾಕಾಗಂಗಿಲ್ಲಂತೆ. ಯಾಕ್ರೀ ಬೀಗ್ತೀ? ಹೆಣ್ಣು ಹಡೆದ್ಲು ಅಂತ ನೀರೂ ಬಂದ್ ಮಾಡಿದ್ರಾ?”

“ಬಂದ್ ಮಾಡೋದು ಹೌದು ಬೀಗ್ರೇ. ನಿಮ್ಮ ಮಗಳಿಗೊಬ್ಬಳಿಗಲ್ಲ. ಇವತ್ತಿಂದ ಊರಿಗೇ.”

ಹೇಳಿದೆ. ಬಾಟಲಿ, ತೊಟ್ಟಿ, ಕೀಲಿ, ಎಲ್ಲವನ್ನೂ ಹೇಳಿದೆ. ನನ್ನ ದನಿ ನಡುಗುವುದನ್ನು ಈ ಊರು ಅವತ್ತೇ ಕೇಳಿದ್ದು. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮೇಲಿನ ಓಣಿಯ ಅಂತರಘಟ್ಟಮ್ಮ ತನ್ನ ನಾಲ್ಕು ವರ್ಷದ ಮಗಳ ಗದ್ದ ಹಿಡಿದು ಅಲ್ಲೇ ಬಾಯಿ ತೆರೆಸಿ ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ತುಂಬಿದ ಕೊಡವನ್ನು ನನ್ನ ಕಾಲ ಬಳಿ ಬೋರಲು ಹಾಕಿದಳು. ಮಗುವನ್ನು ಎತ್ತಿಕೊಂಡು ಹೋದಳು.

ಕೊಲ್ಲಾಪುರಮ್ಮ ಕೇಳಿದಳು, “ಸಿದ್ದಕ್ಕಾ, ಹಂಗಾರೆ ನನ್ನ ಮೊಣಕಾಲು?”

“ಈ ನೀರೇ.”

“ಆ ಹುಡ್ಗ ಹಳೇ ಬಾವಿ ಅಂತ ಬರ್ಕೊಂಡ್ನಲ್ಲ?”

“ನಾನು ಪಕ್ಕದಾಗೇ ಇದ್ದೆ. ಹೇಳ್ಲಿಲ್ಲ.”

ಅವಳು ನನ್ನ ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡಿದಳು. “ನಿನ್ನ ಕುತ್ತಿಗೀನೂ ಬಿಗಿದೈತಲ್ಲೇ” ಎಂದಳು. “ನೀನೂ ಇದನ್ನೇ ಕುಡುದಿ. ಹುಚ್ಚಿ.”

ಹೊಸ ಬಾಟಲಿಯನ್ನು ಅವಳ ಕೈಗೆ ಕೊಟ್ಟೆ. ಐದು ನಿಮಿಷ ಮೋಟಾರು ಬಿಟ್ಟೆವು. ಮೂರು ಸಲ ಅವಳೇ ತೊಳೆದು ಎಲ್ಲರ ಎದುರಿಗೆ ತುಂಬಿದಳು. ನಾನು ಮುಟ್ಟಿಲ್ಲ. ಚೀಟಿಯ ಮೇಲೆ ಅವಳ ಹೆಬ್ಬೆಟ್ಟಿದೆ, ಶಾಲೆಯ ಮೇಷ್ಟ್ರ ಸಹಿ ಇದೆ. ಬಾಟಲಿ ಇದರ ಜೊತೆಯಲ್ಲೇ ಇದೆ. ಅದರಲ್ಲಿ ಬರುವ ಅಂಕಿ ಎಷ್ಟೇ ಇರಲಿ, ಪಟ್ಟಿಯಲ್ಲಿ ಹಾಗೇ ಬರೆ. ಷರಾ ಬರೆಯುವ ಜಾಗದಲ್ಲಿ, ಹಿಂದಿನ ಬಾಟಲಿಯನ್ನು ಬಾವಿಯ ಒಡತಿ ಬದಲಿಸಿದ್ದಳು ಎಂದು ನನ್ನ ಹೆಸರು ಹಾಕಿಯೇ ಬರೆ. ಊರಿನ ತಪ್ಪು ಎಂದು ಯಾರೂ ತಿಳಿಯಬಾರದು. ಬಿಳಿಮರಡಿಯ ಹೆಸರು ಪಟ್ಟಿಯ ಮೇಲಕ್ಕೆ ಬರಬೇಕು.

ಕೂಸಿನ ತುಟಿಗೆ ಹೊಳೆನೀರು ಮುಟ್ಟಿಸಿದವಳು ಅನಿತಾ. ನನ್ನನ್ನು ಕರೆದಳು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಚಿತ್ತಪ್ಪನವರು ಊಟ ಮಾಡದೆ ಹೊರಟರು. ಗೇಟಿನವರೆಗೆ ಹೋಗಿ ತಿರುಗಿ ಬಂದು, “ವಾರಕ್ಕೆ ಎರಡು ಕ್ಯಾನು ಸಾಕೇನ್ರೀ?” ಎಂದು ಕೇಳಿದರು.

ಮಳೆನೀರಿನ ತೊಟ್ಟಿ ಈ ಸಲ ತುಂಬಿದೆ. ಬೀಗ ತೆಗೆದಿದ್ದೇನೆ. ಹತ್ತು ವರ್ಷದೊಳಗಿನ ಮಕ್ಕಳು, ಬಸುರಿಯರು ಇರುವ ಮನೆಗೆ ದಿನಕ್ಕೊಂದು ಬಿಂದಿಗೆ. ಫೆಬ್ರವರಿಯವರೆಗೆ ಬರುತ್ತದೆ ಎನ್ನುತ್ತಾನೆ ರುದ್ರಮುನಿ. ಲಿಂಗಪೂಜೆಗೆ ವಿಭೂತಿ, ಪತ್ರೆ ಸಾಕು. ಆಮೇಲೆ ಏನು ಎಂದು ನನಗೂ ಗೊತ್ತಿಲ್ಲ. ಟ್ಯಾಂಕರಿಗಾಗಿ ಇವತ್ತು ಪಂಚಾಯಿತಿಯ ಬಾಗಿಲಲ್ಲಿ ಕೂತಿದ್ದೆ, ನಾಳೆಯೂ ಕೂರುತ್ತೇನೆ. ಎರಡೂ ಹಟ್ಟಿಗೆ ರುದ್ರಮುನಿ ಹೋಗಿ ಹೇಳಿಬಂದಿದ್ದಾನೆ. ನನಗೆ ಈಗಲೂ ಭಯ ಹೋಗಿಲ್ಲ. ಮೊದಲು ಗೊತ್ತಾಗಿಬಿಟ್ಟರೆ ಎಂಬ ಭಯ ಇತ್ತು. ಈಗ ಆ ಮಕ್ಕಳು ದೊಡ್ಡವರಾಗುತ್ತಾರಲ್ಲ ಎಂಬ ಭಯ.

ನಲ್ಲಿಯ ನೀಲಿಯ ಮೇಲೆ ಸೋಮವಾರ ಸಂಜೆಯೇ ಕೆಂಪು ಬಳಿದೆ, ನನ್ನ ಕೈಯಿಂದಲೇ. ಮಂಗಳವಾರ ಓಂಕಾರಪ್ಪ ಬಂದು ಪೈಪು, ಮೋಟಾರು ಎಲ್ಲವನ್ನೂ ಮೇಲಕ್ಕೆತ್ತಿದ.

“ಅಮ್ಮಾ, ಇನ್ನೂ ಎರಡಿಂಚು ನೀರೈತೆ. ಇಂಥಾ ಬೋರಿಗೆ ಯಾರಾದ್ರೂ ಮುಚ್ಚಳ ಹಾಕ್ತಾರಾ? ದನಕ್ಕೆ, ಬಟ್ಟೆ ಒಗಿಯಾಕಾದ್ರೂ ಬಿಡ್ರಿ.”

“ಬಟ್ಟೆ ಒಗಿಯಾಕೆ ಬಿಟ್ಟಿದ್ದು ನಾಳೆ ಬಾಯಿಗೆ ಬರ್ತದೆ. ಹಾಕು.”

“ಬೋಲ್ಟು ಹಾಕ್ಲಾ? ಬೇಕಂದ್ರೆ ಬಿಚ್ಚಬಹುದು.”

ಬೇಡವೆಂದೆ. ಕಬ್ಬಿಣದ ಮುಚ್ಚಳ ಇಟ್ಟು ಸುತ್ತಲೂ ಬೆಸುಗೆ ಹಾಕಿಸಿದೆ. ಬೋಲ್ಟು ಇದ್ದರೆ ಒಂದು ದಿನ ನಾನೇ ಬಿಚ್ಚಿಸಿಯೇನು.

ಸಿದ್ದಲಿಂಗಮ್ಮ